ಹುಲ್ಲುಗಾವಲಿನ ಗಾನಸಭೆಗಳು

ರಾಕ್ ಸಂಗೀತದ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ವೇದಿಕೆಯ ಕಡೆಗೆ ಮುಖಮಾಡಿ ಕುಳಿತು ಬರೆದವರು. ಯಾವ ತಂಡ ಯಾವ ವರ್ಷ ಎಲ್ಲಿ ನುಡಿಸಿತು, ಯಾರು ಗಿಟಾರನ್ನು ನೆಲಕ್ಕೆ ಬಡಿದು ಮುರಿದರು, ಯಾರು ಯಾರೊಡನೆ ಮನಸ್ತಾಪ ಬೆಳೆಸಿಕೊಂಡು ಬೇರೆಯಾದರು ಎಂಬ ವೃತ್ತಾಂತಗಳು ಆ ಗ್ರಂಥಗಳಲ್ಲಿ ಯಥೇಚ್ಛವಾಗಿ ದೊರೆಯುತ್ತವೆ. ವೇದಿಕೆಗೆ ಬೆನ್ನುಮಾಡಿ ನಿಂತು, ಎದುರಿಗೆ ನೆರೆದ ಜನಸ್ತೋಮವನ್ನೂ ಆ ಜನರ ಕಾಲ ಕೆಳಗಿನ ನೆಲವನ್ನೂ ನೋಡಿದವನಿಗೆ ಮಾತ್ರ ಬೇರೆಯದೇ ಒಂದು ಚರಿತ್ರೆ ಗೋಚರಿಸುತ್ತದೆ. ಆ ನೆಲ ಯಾರದು, ಅದರ ಮಗ್ಗುಲಲ್ಲಿ ವಾಸಿಸುವವರು ಯಾರು, ಮಳೆ ಬಂದರೆ ಅದು ಏನಾಗುತ್ತದೆ, ಉತ್ಸವ ಮುಗಿದ ಮೇಲೆ ಅಲ್ಲಿ ಮೇಯಬೇಕಾದ ಹಸುಗಳ ಗತಿಯೇನು ಎಂಬ ಪ್ರಶ್ನೆಗಳು ಸಂಗೀತಶಾಸ್ತ್ರಕ್ಕೆ ಸೇರಿದವಲ್ಲ. ಆದರೂ ಇಂಗ್ಲೆಂಡಿನ ಬೇಸಗೆಯ ಸಂಗೀತೋತ್ಸವವು ಇಂದಿರುವ ರೂಪವನ್ನು ತಳೆದುದು ಗಾಯಕವಾದಕರ ಪ್ರತಿಭೆಯಿಂದ ಎಷ್ಟೋ, ಈ ಪ್ರಶ್ನೆಗಳಿಗೆ ಕಾಲಕಾಲಕ್ಕೆ ದೊರೆತ ಉತ್ತರಗಳಿಂದಲೂ ಅಷ್ಟೇ ಎಂದು ನನಗೆ ತೋರುತ್ತದೆ.

ನಮ್ಮ ಬಯಲುಸೀಮೆಯ ದನಗಳ ಜಾತ್ರೆಗಳು ಸುಗ್ಗಿ ಮುಗಿದು ಹೊಲ ಬರಿದಾದ ಮೇಲೆ ನೆರೆಯುವಂತೆ, ಅಲ್ಲಿಯ ಉತ್ಸವಗಳು ಜೂನ್‌ನಿಂದ ಆಗಸ್ಟ್‌ವರೆಗಿನ ಅಲ್ಪಕಾಲದಲ್ಲಿ ನೆರೆಯುತ್ತವೆ. ರಾತ್ರಿ ಒಂಬತ್ತು ಗಂಟೆಯಾದರೂ ಬೆಳಕು ಪೂರ್ಣವಾಗಿ ಕಂದದ, ಶಾಲೆಗಳಿಗೆ ರಜೆಯಿರುವ, ಹುಲ್ಲಿನ ಮೇಲೆ ಮಲಗಿ ಎದ್ದರೆ ನೆಗಡಿಗಿಂತ ಹೆಚ್ಚಿನದೇನೂ ಬಾರದ ದಿನಗಳು ಆ ದೇಶದಲ್ಲಿ ಅವಿಷ್ಟೇ. ಆದರೆ ಜಾತ್ರೆಗೆ ಒಬ್ಬ ದೇವರಿದ್ದಾನೆ; ಆ ದೇವರ ಮುಖ ನೋಡಿಕೊಂಡು ಊರಿನವರು ಮೂರು ದಿನದ ಧೂಳನ್ನೂ ಗದ್ದಲವನ್ನೂ ಸಹಿಸುತ್ತಾರೆ. ರಾಕ್ ಉತ್ಸವಕ್ಕೆ ಅಂಥ ಅಧಿದೇವತೆ ಯಾರೂ ಇರಲಿಲ್ಲವಾದುದರಿಂದ ಅದು ಮೊದಲಿನಿಂದಲೂ ಯಾರಾದರೊಬ್ಬ ಭೂಮಾಲಿಕನ ಔದಾರ್ಯವನ್ನೋ, ಸಾಲದ ಹೊರೆಯನ್ನೋ ಆಶ್ರಯಿಸಿ ಬದುಕಬೇಕಾಯಿತು.

ಮೊದಲ ಆಶ್ರಯದಾತನು ಒಬ್ಬ ಶ್ರೀಮಂತ. ಹ್ಯಾಂಪ್‌ಷೈರ್ ಪ್ರಾಂತದ ಬ್ಯೂಲಿ ಎಂಬಲ್ಲಿ ತಮ್ಮ ಪೂರ್ವಿಕರ ಸೌಧವನ್ನೂ ಅದರ ಸುತ್ತಣ ಉದ್ಯಾನವನ್ನೂ ಉಳಿಸಿಕೊಳ್ಳುವ ಉಪಾಯಗಳನ್ನು ಅರಸುತ್ತಿದ್ದ ಲಾರ್ಡ್ ಮಾಂಟೆಗ್ಯು ಅವರು ಹಳೆಯ ಮೋಟಾರುಗಳ ಸಂಗ್ರಹಾಲಯವನ್ನು ತೆರೆದು, 1956ರಿಂದ ತಮ್ಮ ಹುಲ್ಲುಹಾಸಿನ ಮೇಲೆ ಜಾಝ್ ಉತ್ಸವವನ್ನೂ ನಡೆಸತೊಡಗಿದರು. ಹಳೆಯ ಸಂಪ್ರದಾಯದ ಜಾಝನ್ನು ಮೆಚ್ಚುವವರಿಗೂ ಹೊಸ ಜಾಝನ್ನು ಮೆಚ್ಚುವವರಿಗೂ ಇದ್ದ ವೈರ, ನಮ್ಮಲ್ಲಿ ಎರಡು ಘರಾಣೆಗಳ ಅಭಿಮಾನಿಗಳು ಊಟದ ಮನೆಯಲ್ಲಿ ತೀರಿಸಿಕೊಳ್ಳುವಂಥದು, ಅಲ್ಲಿ 1960ರ ಜುಲೈ ತಿಂಗಳ ಕೊನೆಯಲ್ಲಿ ಕೈಕೈ ಮಿಲಾಯಿಸುವ ಮಟ್ಟಕ್ಕೆ ಏರಿ, ಜನ ದೀಪದ ಕಂಬಗಳನ್ನು ಹತ್ತಿ, ಬಿ.ಬಿ.ಸಿ.ಯ ನೇರಪ್ರಸಾರವೇ ನಿಂತುಹೋಯಿತು. ಮುಂದಿನ ವರ್ಷದ ಉತ್ಸವದೊಂದಿಗೆ ಮಾಂಟೆಗ್ಯು ಅವರು ಆ ಸಾಹಸವನ್ನು ಕೈಬಿಟ್ಟರು. ಮೋಟಾರುಗಳು ಜಗಳವಾಡುವುದಿಲ್ಲವೆಂಬುದನ್ನು ಅವರು ಮನಗಂಡಿರಬೇಕು. ಅದೇ 1961ರಲ್ಲಿ ಲಂಡನ್ನಿನ ಮಾರ್ಕೀ ಕ್ಲಬ್ಬಿನ ಹೆರಾಲ್ಡ್ ಪೆಂಡಲ್ಟನ್ ಅವರು ರಿಚ್ಮಂಡಿನ ಕ್ರೀಡಾಂಗಣದಲ್ಲಿ ಇನ್ನೊಂದು ಜಾಝ್ ಉತ್ಸವವನ್ನು ಆರಂಭಿಸಿದರು. ಎರಡೇ ವರ್ಷಗಳಲ್ಲಿ ರೋಲಿಂಗ್ ಸ್ಟೋನ್ಸ್‌ನಂಥ ಹುಡುಗರು ಅದರೊಳಗೆ ಪ್ರವೇಶಿಸಿ ಜಾಝ್ ಹಿನ್ನೆಲೆಗೆ ಸರಿಯಿತು. ನೆರೆಹೊರೆಯವರ ದೂರುಗಳಿಂದ ಆ ಉತ್ಸವವು ವಿಂಡ್ಸರ್, ಸನ್‌ಬರಿ, ಪ್ಲಂಪ್ಟನ್‌ಗಳೆಂದು ಅಲೆದಲೆದು 1971ರಲ್ಲಿ ರೆಡಿಂಗ್ ಪಟ್ಟಣದಲ್ಲಿ ನೆಲೆಯೂರಿತು. ಹತ್ತು ವರ್ಷಗಳ ಈ ಅಲೆದಾಟವೇ ನಮಗೆ ಮುಖ್ಯ: ಸಂಗೀತ ಬದಲಾದುದು ತಂಡಗಳಿಂದ, ಸ್ಥಳ ಬದಲಾದುದು ಪಕ್ಕದ ಮನೆಯವರ ಕಿವಿಗಳಿಂದ.

ಐಲ್ ಆಫ್ ವೈಟ್ ದ್ವೀಪದ ಕಥೆಯಾದರೋ ಇನ್ನೂ ವಿಚಿತ್ರ. ದ್ವೀಪಕ್ಕೊಂದು ಈಜುಕೊಳ ಬೇಕೆಂದು ಹಣ ಕೂಡಿಸುವ ಸಲುವಾಗಿ 1968ರ ಆಗಸ್ಟ್ ಕೊನೆಯಲ್ಲಿ ಸೋದರರು ಕೆಲವರು ಸೇರಿ ಒಂದು ಹೊಲದಲ್ಲಿ ರಾತ್ರಿಯಿಡೀ ಸಂಗೀತ ಏರ್ಪಡಿಸಿದಾಗ ಬಂದವರು ಸುಮಾರು 10,000 ಮಂದಿ. ಮರುವರ್ಷ ಬಾಬ್ ಡಿಲನ್ ಅವರು ಬಂದು ಹಾಡಿದರೆಂದು ಒಂದೂವರೆ ಲಕ್ಷ ಜನ ಕೂಡಿದರು. ಆಫ್ಟನ್ ಎಂಬ ಹೊಲಕ್ಕೆ 1970ರಲ್ಲಿ ಎಷ್ಟು ಜನ ಬಂದರೆಂಬುದರ ವಿಷಯದಲ್ಲಿ ಇಂದಿಗೂ ವಿವಾದವುಂಟು. ಆರು ಲಕ್ಷವೆಂಬ ಮಾತು ಉತ್ಪ್ರೇಕ್ಷೆಯೇ ಇದ್ದರೂ, ದ್ವೀಪದ ನಿವಾಸಿಗಳು ಒಂದು ಲಕ್ಷದ ಆಸುಪಾಸಿನಲ್ಲಿದ್ದಾಗ ಅತಿಥಿಗಳು ಆತಿಥೇಯರನ್ನು ಅನೇಕ ಪಾಲು ಮೀರಿಸಿದರೆಂಬುದರಲ್ಲಿ ಸಂಶಯವಿಲ್ಲ. ಸ್ಥಳದ ಆಯ್ಕೆಯಲ್ಲಿಯೇ ಒಂದು ಮೂಲದೋಷವಿದ್ದಿತು. ಹೊಲದ ಬೆನ್ನಿಗೆ ಒಂದು ಗುಡ್ಡ. ಗುಡ್ಡವೇರಿ ಕುಳಿತವನಿಗೆ ಟಿಕೆಟ್ಟಿಲ್ಲದೆಯೇ ವೇದಿಕೆ ಕಾಣುತ್ತಿತ್ತು, ಹಾಡು ಕೇಳುತ್ತಿತ್ತು. ಹಣ ಕೊಟ್ಟು ಒಳಗಿದ್ದವನು ಮೂರ್ಖನೋ, ಕೊಡದೆ ಹೊರಗಿದ್ದವನು ಕಳ್ಳನೋ ಎಂಬ ತರ್ಕ ನಾಲ್ಕೈದು ದಿನ ಬೆಳೆದು, ಕಡೆಗೆ ಬೇಲಿ ಉರುಳಿ, ಉತ್ಸವವನ್ನು ಉಚಿತವೆಂದು ಸಾರಬೇಕಾಯಿತು. ಮರುವರ್ಷ ಬ್ರಿಟನ್ನಿನ ಪಾರ್ಲಿಮೆಂಟು ಆ ಒಂದು ದ್ವೀಪಕ್ಕಾಗಿಯೇ ಶಾಸನ ಮಾಡಿ, 5,000ಕ್ಕಿಂತ ಹೆಚ್ಚು ಜನ ಬಯಲಿನಲ್ಲಿ ರಾತ್ರಿ ಕಳೆಯುವ ಸಭೆಗಳಿಗೆ ಪರವಾನಗಿ ಬೇಕೆಂದು ವಿಧಿಸಿತು. ಅಲ್ಲಿ ಮತ್ತೆ ಉತ್ಸವ ನೆರೆದುದು 2002ರಲ್ಲಿ.

ಅಟ್ಲಾಂಟಿಕ್ಕಿನ ಆಚೆ ವುಡ್‌ಸ್ಟಾಕಿನ ಹೆಸರಿನಲ್ಲಿ 1969ರ ಆಗಸ್ಟಿನಲ್ಲಿ ಕೂಡಿದ ನಾಲ್ಕು ಲಕ್ಷ ಜನರ ವಿಚಾರವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಅದನ್ನು ಬೇಕಾದಷ್ಟು ಜನ ಹಾಡಿ ಹೊಗಳಿದ್ದಾರೆ. ಆದರೆ ಅದರ ಭೂಮಾಲಿಕರಾದ ಮ್ಯಾಕ್ಸ್ ಯಾಸ್ಗರ್ ಅವರು ಹಾಲಿನ ವ್ಯವಹಾರದ ರೈತರಾಗಿದ್ದರು. ಅವರು ಜಮೀನು ಕೊಡುವ ಸುದ್ದಿ ಹಬ್ಬಿದೊಡನೆ ಅವರ ಹಾಲನ್ನು ಯಾರೂ ಕೊಳ್ಳಬಾರದೆಂದು ನೆರೆಯವರು ರಸ್ತೆಯ ಬದಿಯಲ್ಲಿ ಫಲಕ ನೆಟ್ಟರು. ಅಲ್ಲಿ ಮಳೆಯಲ್ಲಿ ಸಿತಾರ್ ನುಡಿಸಿದ ರವಿಶಂಕರರಿಗೆ ಕೆಸರಿನಲ್ಲಿ ಕುಳಿತ ಆ ತರುಣರನ್ನು ಕಂಡು ನಮ್ಮ ದೇಶದ ಎಮ್ಮೆಗಳ ನೆನಪಾಯಿತಂತೆ. ಪ್ರಶಂಸೆಯೆಂದು ಅವರು ಹೇಳಿದ ಮಾತಲ್ಲ.

ಹಸುವಿಗೂ ರಾಕ್ ಉತ್ಸವಕ್ಕೂ ಇರುವ ನಂಟು ಇಂಗ್ಲೆಂಡಿನಲ್ಲಿ ಸ್ಥಿರವಾದುದು ಸಾಮರ್‌ಸೆಟ್ಟಿನ ಪಿಲ್ಟನ್ ಗ್ರಾಮದ ವರ್ದಿ ಫಾರ್ಮಿನಲ್ಲಿ. ಅದರ ಒಡೆಯರಾದ ಮೈಕೆಲ್ ಈವಿಸ್ ಅವರು ಸಾಲದಲ್ಲಿದ್ದ ಹೈನುಗಾರರು. ಸಮೀಪದ ಷೆಪ್ಟನ್ ಮ್ಯಾಲೆಟ್ಟಿನಲ್ಲಿ 1970ರ ಜೂನಿನಲ್ಲಿ ನಡೆದ ಒಂದು ಉತ್ಸವವನ್ನು ಕಂಡು ಬೆರಗಾಗಿ, ತಾವೂ ಒಂದನ್ನು ನಡೆಸಿದರೆ ಸಾಲ ತೀರೀತೆಂದು ಬಗೆದು, ಅದೇ ಸೆಪ್ಟೆಂಬರ್ 19ರಂದು ಒಂದು ಪೌಂಡಿನ ಟಿಕೆಟ್ಟಿಗೆ ಫಾರ್ಮಿನ ಹಾಲನ್ನೂ ಉಚಿತವಾಗಿ ಕೊಟ್ಟು ಸುಮಾರು 1,500 ಜನರನ್ನು ಕೂಡಿಸಿದರು. ಸಾಲ ತೀರಲಿಲ್ಲ, ಬೆಳೆಯಿತು. ಮುಖ್ಯ ಗಾಯಕ ಮಾರ್ಕ್ ಬೋಲನ್ ಅವರಿಗೆ ಕೊಡಬೇಕಾದುದನ್ನು ಹಾಲಿನ ಹಣದಿಂದ ಕಂತುಕಂತಾಗಿ ಸಲ್ಲಿಸಿದೆನೆಂದು ಈವಿಸ್ ಅವರೇ ಹೇಳಿಕೊಂಡಿದ್ದಾರೆ. ಗ್ಲಾಸ್ಟನ್‌ಬರಿ ಎಂದು ಜಗತ್ಪ್ರಸಿದ್ಧವಾದುದು ಈ ಉತ್ಸವವೇ. 1981ರಲ್ಲಿ ಅಲ್ಲಿ ಕಟ್ಟಿದ ಪಿರಮಿಡ್ ಆಕಾರದ ವೇದಿಕೆಯು ಬೇಸಗೆಯಲ್ಲಿ ಮೂರು ದಿನ ಗಾನಮಂಟಪವಾಗಿದ್ದು ಚಳಿಗಾಲದಲ್ಲಿ ದನದ ಕೊಟ್ಟಿಗೆಯೂ ಮೇವಿನ ಕಣಜವೂ ಆಗುತ್ತಿದ್ದಿತು. ಎರಡು ಉಪಯೋಗಗಳಲ್ಲಿ ಯಾವುದು ಮುಖ್ಯ, ಯಾವುದು ಆನುಷಂಗಿಕ ಎಂಬುದನ್ನು ರೈತನನ್ನು ಕೇಳಿಯೇ ತಿಳಿಯಬೇಕು. ನೆಲಕ್ಕೆ ವಿಶ್ರಾಂತಿ ಬೇಕೆಂದು ಕೆಲವು ವರ್ಷಗಳಿಗೊಮ್ಮೆ ಉತ್ಸವವನ್ನೇ ನಿಲ್ಲಿಸಿ ಹೊಲವನ್ನು ಬೀಳುಬಿಡುವ ಪದ್ಧತಿಯೂ ಅಲ್ಲಿ ಬೆಳೆದಿದೆ: 2006, 2012, 2018 ಹಾಗೆ ಬಿಟ್ಟ ವರ್ಷಗಳು. ಕೋಟಿಗಟ್ಟಲೆ ಪೌಂಡುಗಳ ವ್ಯವಹಾರವೊಂದು ಹುಲ್ಲಿನ ಬೇರಿಗಾಗಿ ಒಂದು ವರ್ಷ ಬಾಗಿಲು ಹಾಕಿಕೊಳ್ಳುವುದು ಈ ಕಾಲದಲ್ಲಿ ಅಪರೂಪದ ವಿವೇಕ.

ಇಲ್ಲಿಯವರೆಗೆ ಹೇಳಿದ ಉತ್ಸವಗಳು ಬಹುಪಾಲು ವಿದ್ಯಾವಂತ ಮಧ್ಯಮವರ್ಗದ ತರುಣತರುಣಿಯರವು. ಮೆಟಲ್ ಸಂಗೀತದ ಶ್ರೋತೃ ಬೇರೆ ಜಾತಿಯವನು. ಈ ಸಂಗೀತ ಹುಟ್ಟಿದ್ದೇ ಬರ್ಮಿಂಗ್‌ಹ್ಯಾಮಿನ ಕಾರ್ಖಾನೆಗಳ ಮಗ್ಗುಲಲ್ಲಿ. ಬ್ಲ್ಯಾಕ್ ಸಬಾತ್ ತಂಡದ ಟೋನಿ ಅಯೋಮಿ ಅವರು ಹದಿಹರೆಯದಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳುಗಳ ತುದಿ ಕೊಟ್ಟು, ಆ ಮೊಂಡು ಬೆರಳುಗಳಿಗೆ ತಾವೇ ಟೊಪ್ಪಿಗೆ ಮಾಡಿ ತೊಡಿಸಿ, ನೋಯದಿರಲೆಂದು ತಂತಿಗಳನ್ನು ಸಡಿಲಿಸಿ ನುಡಿಸಿದ ನಾದದ ಭಾರವೇ ಮುಂದೆ ಒಂದು ಶೈಲಿಯ ಲಕ್ಷಣವಾಯಿತು. ಜೂಡಾಸ್ ಪ್ರೀಸ್ಟ್ ತಂಡವೂ ಆ ಸೀಮೆಯದೇ. ಸ್ಯಾಕ್ಸನ್ ತಂಡವು ಕಲ್ಲಿದ್ದಲಿನ ಬಾರ್ನ್‌ಸ್ಲಿಯದು. ಇಂಥ ಊರುಗಳ ಹುಡುಗನಿಗೆ ವಾರವಿಡೀ ಹೊಲದಲ್ಲಿ ಡೇರೆ ಹೂಡಿ ಮಲಗಲು ಬಿಡುವಿಲ್ಲ. ಅವನಿಗೆ ಬೇಕಾದುದು ಶನಿವಾರ ಬೆಳಗ್ಗೆ ಬಸ್ಸಿನಲ್ಲಿ ಹೊರಟು ರಾತ್ರಿ ಹಿಂದಿರುಗಬಹುದಾದ ಒಂದು ಸ್ಥಳ.

ಅಂಥ ಸ್ಥಳ ದೊರೆತುದು ಲೆಸ್ಟರ್‌ಷೈರಿನ ಡಾನಿಂಗ್‌ಟನ್ ಪಾರ್ಕಿನಲ್ಲಿ. ಬರ್ಮಿಂಗ್‌ಹ್ಯಾಮ್, ಡಾರ್ಬಿ, ನಾಟಿಂಗ್‌ಹ್ಯಾಮ್, ಷೆಫೀಲ್ಡ್ ಎಲ್ಲಕ್ಕೂ ಅದು ಹತ್ತಿರ. ಅಲ್ಲಿ 1930ರ ದಶಕದಲ್ಲಿ ಮೋಟಾರು ಪಂದ್ಯಗಳು ನಡೆಯುತ್ತಿದ್ದು, 1937 ಮತ್ತು 1938ರ ದೊಡ್ಡ ಪಂದ್ಯಗಳನ್ನು ಜರ್ಮನಿಯ ಆಟೋ ಯೂನಿಯನ್ ಕಾರುಗಳು ಗೆದ್ದಿದ್ದವು. ಮಹಾಯುದ್ಧ ಬಂದಾಗ ಸೈನ್ಯವು ಆ ನೆಲವನ್ನು ತನ್ನ ವಾಹನಗಳ ಉಗ್ರಾಣವಾಗಿ ಮಾಡಿಕೊಂಡಿತು. ಟಾಮ್ ವೀಟ್‌ಕ್ರಾಫ್ಟ್ ಎಂಬ ಉದ್ಯಮಿ ಅದನ್ನು ಕೊಂಡು ದುರಸ್ತಿ ಮಾಡಿಸಿ 1977ರಲ್ಲಿ ಮತ್ತೆ ಪಂದ್ಯಗಳಿಗೆ ತೆರೆದರು. ಪಕ್ಕದಲ್ಲಿಯೇ ವಿಮಾನನಿಲ್ದಾಣ. ಓಟದ ಕಾರುಗಳ ಆರ್ಭಟವನ್ನೂ ತಲೆಯ ಮೇಲಿನ ವಿಮಾನಗಳನ್ನೂ ಕೇಳಿ ಹದಗೊಂಡ ನೆರೆಹೊರೆಗಿಂತ ಮೆಟಲ್ ಸಂಗೀತಕ್ಕೆ ಪ್ರಶಸ್ತವಾದ ನೆರೆಹೊರೆ ಇಂಗ್ಲೆಂಡಿನಲ್ಲಿ ಇನ್ನೆಲ್ಲಿದ್ದೀತು?

ಪಾಲ್ ಲೋಸ್ಬಿ, ಮಾರಿಸ್ ಜೋನ್ಸ್ ಎಂಬ ಇಬ್ಬರು ಸಂಘಟಕರು 1980ರ ಆಗಸ್ಟ್ 16ರ ಶನಿವಾರ ಅಲ್ಲಿ ‘ಮಾನ್‌ಸ್ಟರ್ಸ್ ಆಫ್ ರಾಕ್’ ಎಂಬ ಹೆಸರಿನಲ್ಲಿ ಏಳು ತಂಡಗಳ ಒಂದು ದಿನದ ಉತ್ಸವವನ್ನು ನಡೆಸಿದರು. ಹಿಂದೆ ಡೀಪ್ ಪರ್ಪಲ್ ತಂಡದಲ್ಲಿದ್ದ ರಿಚಿ ಬ್ಲ್ಯಾಕ್‌ಮೋರ್ ಅವರ ರೈನ್‌ಬೋ ಕೊನೆಯ ತಂಡ. ಜೂಡಾಸ್ ಪ್ರೀಸ್ಟ್, ಜರ್ಮನಿಯ ಸ್ಕಾರ್ಪಿಯನ್ಸ್, ಸ್ಯಾಕ್ಸನ್ ಅದಕ್ಕಿಂತ ಮೊದಲು. ಬಂದವರು ಸುಮಾರು 35,000. ಬೇರೆ ಉತ್ಸವಗಳಲ್ಲಿ ಜಾನಪದ ಗೀತೆ, ಬ್ಲೂಸ್, ಪಾಪ್‌ಗಳ ನಡುವೆ ಉಪ್ಪಿನಕಾಯಿಯಷ್ಟು ಬಡಿಸುತ್ತಿದ್ದ ಗಡುಸು ಸಂಗೀತವನ್ನೇ ಬೆಳಗಿನಿಂದ ರಾತ್ರಿಯವರೆಗೆ ಉಣಬಡಿಸಿದ್ದು ಆ ದಿನದ ಹೊಸತನ. ಮೊಟ್ಟಮೊದಲು ನುಡಿಸಿದ ಟಚ್ ಎಂಬ ಅಮೆರಿಕದ ತಂಡದ ಒಬ್ಬ ವಾದಕರು ವೇದಿಕೆಯ ಮೇಲೆ ಜೇನುಹುಳುವನ್ನು ನುಂಗಿ ಪರದಾಡಿದ ಕಥೆ ಅಲ್ಲಿಯ ಪುರಾಣಗಳಲ್ಲೊಂದಾಗಿದೆ. ಹೊಲದಲ್ಲಿ ಹಾಡುವವನು ಹೊಲದ ಮೂಲನಿವಾಸಿಗಳನ್ನು ಮರೆಯಲಾಗದು.

ಮುಂದಿನ ಏಳೆಂಟು ವರ್ಷಗಳಲ್ಲಿ ಇಲ್ಲಿ ಒಂದು ಆಚಾರಸಂಹಿತೆಯೇ ರೂಪುಗೊಂಡಿತು. ತೋಳಿಲ್ಲದ ಡೆನಿಮ್ ಅಂಗಿಯ ಬೆನ್ನ ಮೇಲೆ ಮೆಚ್ಚಿನ ತಂಡಗಳ ಹೆಸರು ಕಸೂತಿ ಮಾಡಿದ ಬಟ್ಟೆಯ ತುಂಡುಗಳನ್ನು ಒಂದೊಂದಾಗಿ ಹೊಲಿದುಕೊಳ್ಳುವುದು, ಹಾಗೆ ಹೊಲಿದುದನ್ನು ಎಷ್ಟು ಮಾಸಿದರೂ ಒಗೆಯದಿರುವುದು, ತಾಳಕ್ಕೆ ತಲೆಯನ್ನು ನೀಳಗೂದಲ ಸಮೇತ ಝಾಡಿಸುವುದು, ತೋರುಬೆರಳನ್ನೂ ಕಿರುಬೆರಳನ್ನೂ ಕೊಂಬಿನಂತೆ ಎತ್ತಿ ಹಿಡಿಯುವುದು. ಈ ಕೊನೆಯ ಮುದ್ರೆಯನ್ನು ಜನಪ್ರಿಯಗೊಳಿಸಿದ ಗಾಯಕ ರಾನಿ ಜೇಮ್ಸ್ ಡಿಯೊ ಅವರು ಅದನ್ನು ತಮ್ಮ ಇಟಲಿಯ ಅಜ್ಜಿಯಿಂದ ಕಲಿತರಂತೆ. ಅಜ್ಜಿ ಅದನ್ನು ಹಿಡಿಯುತ್ತಿದ್ದುದು ಕೆಟ್ಟ ದೃಷ್ಟಿ ತಾಕದಿರಲೆಂದು. ಸೈತಾನನ ಮುದ್ರೆಯೆಂದು ಪಾದ್ರಿಗಳು ಬೆಚ್ಚಿದ ಸಂಕೇತದ ಮೂಲ ಒಬ್ಬ ಮುದುಕಿಯ ದೃಷ್ಟಿಪರಿಹಾರ! ಸ್ತುತ್ಯವಲ್ಲದ ಆಚಾರವೂ ಒಂದಿದ್ದಿತು: ಮದ್ಯ ಮುಗಿದ ದೊಡ್ಡ ಪ್ಲಾಸ್ಟಿಕ್ ಸೀಸೆಗಳನ್ನು, ಶೌಚಾಲಯದ ಸಾಲು ಬಹಳ ಉದ್ದವಿದ್ದ ಕಾರಣದಿಂದ ಬೇರೊಂದು ದ್ರವದಿಂದ ತುಂಬಿಸಿ, ಮೆಚ್ಚದ ತಂಡದ ಕಡೆಗೂ, ಕೆಲವೊಮ್ಮೆ ಮೆಚ್ಚಿದ ತಂಡದ ಕಡೆಗೂ ಎಸೆಯುವುದು. ಇದನ್ನು ಶ್ರೋತೃವಿನ ಉತ್ಸಾಹವೆಂದು ವರ್ಣಿಸುವವರು ಅದು ತಲೆಯ ಮೇಲೆ ಬೀಳದ ದೂರದಲ್ಲಿ ನಿಂತವರೇ ಸರಿ.

ಆಗಸ್ಟ್ 20, 1988. ಐರನ್ ಮೇಡನ್ ಕೊನೆಯ ತಂಡ. ಕಿಸ್, ಡೇವಿಡ್ ಲೀ ರಾತ್, ಮೆಗಾಡೆತ್, ಗನ್ಸ್ ಎನ್ ರೋಸಸ್, ಹೆಲೋವೀನ್ ಅದಕ್ಕಿಂತ ಮುಂಚೆ. ಜನ 1,07,000, ಮೊದಲ ವರ್ಷದ ಮೂರರಷ್ಟು. ಮಳೆಗಾಳಿಗೆ ಸಿಕ್ಕಿ ನೆಲ ಜಾರುತ್ತಿದ್ದಿತು, ಅಲ್ಲದೆ ಅದು ವೇದಿಕೆಯ ಕಡೆಗೆ ಇಳಿಜಾರು. ಇಳಿಜಾರಿನಲ್ಲಿ ಒತ್ತಾಗಿ ನಿಂತ ಜನರ ಭಾರ ಹಿಂದಿನಿಂದ ಮುಂದಕ್ಕೆ ಸಂಚಯವಾಗುತ್ತ ಬರುತ್ತದೆ. ಪ್ರತಿಯೊಬ್ಬನೂ ತನ್ನ ಮುಂದಿನವನ ಮೇಲೆ ಒರಗಿ ನಿಂತಿರುತ್ತಾನೆ, ತಾನು ಒರಗಿರುವುದು ಅವನಿಗೇ ತಿಳಿದಿರುವುದಿಲ್ಲ. ಒಬ್ಬನ ಕಾಲು ಜಾರಿದರೆ ಅವನ ಹಿಂದಿದ್ದವರಿಗೆ ಆಧಾರ ತಪ್ಪಿ ಅವರು ಅವನ ಮೇಲೆಯೇ ಬೀಳುತ್ತಾರೆ, ಅವರ ಹಿಂದಿನವರು ಅವರ ಮೇಲೆ. ಗನ್ಸ್ ಎನ್ ರೋಸಸ್ ನುಡಿಸುತ್ತಿದ್ದಾಗ ಹೀಗಾಯಿತು. ತಂಡದವರು ವಾದ್ಯ ನಿಲ್ಲಿಸಿ ಹಿಂದೆ ಸರಿಯಿರೆಂದು ಬೇಡಿದರೂ ಕೆಸರಿನಲ್ಲಿ ಇಬ್ಬರು ಯುವಕರು ಪ್ರಾಣ ಬಿಟ್ಟರು. ಹಿಂದೆ ನಿಂತಿದ್ದ ಸಾವಿರಾರು ಜನಕ್ಕೆ ಆ ಸಂಗತಿಯೇ ತಿಳಿಯದೆ ಉತ್ಸವ ರಾತ್ರಿಯವರೆಗೆ ನಡೆಯಿತು. ಐರನ್ ಮೇಡನ್ ತಂಡಕ್ಕೂ ಅದು ತಿಳಿದುದು ತಮ್ಮ ಸರದಿ ಮುಗಿದ ಮೇಲೆ.

ಮರುವರ್ಷ ಡಾನಿಂಗ್‌ಟನ್ನಿನಲ್ಲಿ ಉತ್ಸವ ನಡೆಯಲಿಲ್ಲ. ಅದು 1990ರಲ್ಲಿ ಪುನಃ ಆರಂಭವಾದಾಗ 72,500ಕ್ಕೆ ಮೀರಿ ಜನರನ್ನು ಬಿಡಕೂಡದೆಂಬ ಕಟ್ಟು ಬಂದಿತ್ತು. ಸುರಕ್ಷತೆಯ ಸರ್ಕಾರಿ ಇಲಾಖೆಯವರು 1993ರಲ್ಲಿ ಇಂಥ ಸಭೆಗಳಿಗೆಂದೇ ಒಂದು ಮಾರ್ಗದರ್ಶಿಯನ್ನು ಪ್ರಕಟಿಸಿದರು. ಊದಾ ಬಣ್ಣದ ಪುಸ್ತಕವೆಂದೇ ವೃತ್ತಿಯವರಲ್ಲಿ ಹೆಸರಾದ ಆ ಮಾರ್ಗದರ್ಶಿಯಲ್ಲಿ ಎಷ್ಟು ಜನಕ್ಕೆ ಎಷ್ಟು ನೀರು, ಎಷ್ಟು ಶೌಚಾಲಯ, ಎಷ್ಟು ಅಗಲದ ಬಾಗಿಲು ಎಂಬುದೆಲ್ಲ ಸೇರಿಕೊಂಡಿತು. ವೇದಿಕೆಯ ಮುಂದಿನ ಲೋಹದ ತಡೆಗೋಡೆಯ ರಚನೆಯನ್ನು ನೋಡಿದರೆ ಈ ಚಿಂತನೆಯ ಸೂಕ್ಷ್ಮತೆ ತಿಳಿಯುತ್ತದೆ. ಅದನ್ನು ನೆಲಕ್ಕೆ ಹೂಳುವುದಿಲ್ಲ. ಅದರ ಬುಡದಿಂದ ಜನರ ಕಡೆಗೆ ಒಂದು ಅಗಲವಾದ ತಗಡು ಚಾಚಿರುತ್ತದೆ; ಮುಂಭಾಗದ ಜನ ಅದರ ಮೇಲೆಯೇ ನಿಲ್ಲುವುದರಿಂದ, ಗೋಡೆಯನ್ನು ತಳ್ಳುವವರ ಭಾರವೇ ಗೋಡೆಯನ್ನು ನಿಲ್ಲಿಸುತ್ತದೆ. ಗೋಡೆಗೂ ವೇದಿಕೆಗೂ ನಡುವಿನ ಓಣಿಯಲ್ಲಿ ಕಾವಲಿನವರು ನಿಂತು, ಬವಳಿ ಬಂದವರನ್ನು ಕಂಕುಳಿಗೆ ಕೈಹಾಕಿ ಎತ್ತಿ ಹೊರಕ್ಕೆ ಸಾಗಿಸುತ್ತಾರೆ, ಉಳಿದವರಿಗೆ ನೀರಿನ ಲೋಟಗಳನ್ನು ದಾಟಿಸುತ್ತಾರೆ. ಆದರೂ 2000ದ ಜೂನ್ 30ರಂದು ಡೆನ್ಮಾರ್ಕಿನ ರಾಸ್ಕಿಲ್ಡೆಯಲ್ಲಿ ಪರ್ಲ್ ಜ್ಯಾಮ್ ತಂಡದ ಮುಂದೆ ಒಂಬತ್ತು ಮಂದಿ ಹೀಗೆಯೇ ಸತ್ತರು. ಒಂದು ದೇಶದ ಪುಸ್ತಕ ಇನ್ನೊಂದು ದೇಶದ ಕೆಸರಿಗೆ ತಾನಾಗಿ ಅನ್ವಯಿಸುವುದಿಲ್ಲ. ಡಾನಿಂಗ್‌ಟನ್ನಿನ ಹಳೆಯ ಉತ್ಸವ 1996ರಲ್ಲಿ ನಿಂತು, 2003ರಿಂದ ಅದೇ ನೆಲದಲ್ಲಿ ‘ಡೌನ್‌ಲೋಡ್’ ಎಂಬ ಹೊಸ ಹೆಸರಿನಲ್ಲಿ ನಡೆಯುತ್ತಿದೆ. ಈಗ ಅದು ಡೇರೆ ಹೂಡಿ ತಂಗುವ ಹಲವು ದಿನಗಳ ಉತ್ಸವ. ಶನಿವಾರ ಬಸ್ಸಿನಲ್ಲಿ ಬರುತ್ತಿದ್ದ ಕಾರ್ಖಾನೆಯ ಹುಡುಗನ ಕಾರ್ಖಾನೆ ಅಷ್ಟರಲ್ಲಿ ಬಹುಶಃ ಮುಚ್ಚಿಹೋಗಿತ್ತು.

ಜರ್ಮನಿಯ ವಾಕನ್ ಗ್ರಾಮವು ಈ ಪರಂಪರೆಗೆ ಸೇರಿದ್ದು ಇನ್ನೊಂದು ದಾರಿಯಿಂದ. ಹ್ಯಾಂಬರ್ಗಿನ ಉತ್ತರಕ್ಕೆ, ಸುಮಾರು 2,000 ಜನಸಂಖ್ಯೆಯ ಆ ಹಳ್ಳಿಯ ಜಲ್ಲಿಗುಂಡಿಯೊಂದರಲ್ಲಿ ಥಾಮಸ್ ಯೆನ್ಸೆನ್, ಹೋಲ್ಗರ್ ಹ್ಯೂಬ್ನರ್ ಎಂಬ ಸ್ಥಳೀಯ ತರುಣರು 1990ರ ಆಗಸ್ಟಿನಲ್ಲಿ ಆರು ತಂಡಗಳನ್ನು ಕರೆಸಿದರು; ಕೇಳಲು ಬಂದವರು ಸುಮಾರು 800. ಇಂದು ಅಲ್ಲಿಗೆ ಬರುವವರು 80,000ಕ್ಕೂ ಮೇಲೆ. ಇಂಗ್ಲೆಂಡಿನಲ್ಲಿ ನೆರೆಹೊರೆಯವರು ಶತಮಾನಾರ್ಧ ದೂರು ಬರೆದರೆ, ಇಲ್ಲಿ ಊರಿನ ಅಗ್ನಿಶಾಮಕ ದಳದ ವಾದ್ಯವೃಂದವೇ ಉತ್ಸವದಲ್ಲಿ ನುಡಿಸುತ್ತದೆ, ಹಳ್ಳಿಯ ಮನೆಯವರು ತಮ್ಮ ಕೈತೋಟದಲ್ಲಿ ಕರಿ ಅಂಗಿಯ ಅತಿಥಿಗಳಿಗೆ ಬೆಳಗಿನ ಉಪಾಹಾರ ಮಾರುತ್ತಾರೆ, ರೈತರು ಕೆಸರಲ್ಲಿ ಹೂತ ಕಾರುಗಳನ್ನು ಟ್ರ್ಯಾಕ್ಟರಿನಿಂದ ಎಳೆಯುತ್ತಾರೆ. ಎಲ್ಲವನ್ನೂ ಸಹಿಸಿದ ನೆಲ 2023ರ ಆಗಸ್ಟಿನಲ್ಲಿ ಮಾತ್ರ ಸೋತಿತು; ಮಳೆಯಿಂದ ಹೊಲವೆಲ್ಲ ಕೊಚ್ಚೆಯಾಗಿ, ಟಿಕೆಟ್ ಕೊಂಡ ಸಾವಿರಾರು ಜನರನ್ನು ದಾರಿಯಿಂದಲೇ ಹಿಂದಕ್ಕೆ ಕಳುಹಿಸಬೇಕಾಯಿತು. ಅದಕ್ಕೆ ಹತ್ತು ವರ್ಷ ಮೊದಲು, 2013ರಲ್ಲಿ, ನಮ್ಮ ಬೆಂಗಳೂರಿನ ಕ್ರಿಪ್ಟಾಸ್ ತಂಡ ಆ ಹೊಲದ ವೇದಿಕೆಯೇರಿ ನುಡಿಸಿ ಬಂದಿದ್ದಿತು.

ಬೆಂಗಳೂರಿಗೆ ಈ ಸಂಗೀತ ಮೊದಲು ಧ್ವನಿಸುರುಳಿಗಳ ಮೂಲಕ ಬಂದಿತು, ಬಯಲು ತಡವಾಗಿ ದೊರೆಯಿತು. ಡಾನಿಂಗ್‌ಟನ್ನಿನ ಆ ದುರ್ದಿನದ ಐರನ್ ಮೇಡನ್ ತಂಡ 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ನುಡಿಸಿದಾಗ, ಆ ಗಾತ್ರದ ಮೆಟಲ್ ತಂಡವೊಂದು ಭಾರತಕ್ಕೆ ಬಂದುದು ಅದೇ ಮೊದಲಾದುದರಿಂದ, ಹೊರರಾಜ್ಯಗಳಿಂದಲೂ ಜನ ರೈಲು ಹಿಡಿದು ಬಂದರು. ಮರುವರ್ಷ ಮೆಗಾಡೆತ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಗುರಗಾಂವಿನಲ್ಲಿ ಎರಡು ದಿನ ಮುಂಚೆ ನಡೆಯಬೇಕಾಗಿದ್ದ ಮೆಟಾಲಿಕಾದ ಸಭೆ ರದ್ದಾಗಿ, ನಿರಾಶರಾದ ಉತ್ತರದವರಲ್ಲಿ ಕೆಲವರು ಇಲ್ಲಿಗೇ ಧಾವಿಸಿದರೆಂಬುದು ಬೆಂಗಳೂರಿನ ಅಭಿಮಾನಿಗಳು ಈಗಲೂ ಹೆಮ್ಮೆಯಿಂದ ಹೇಳುವ ಮಾತು. ಋತು ಮಾತ್ರ ಇಲ್ಲಿ ತಿರುಗುಮುರುಗು: ನಮ್ಮಲ್ಲಿ ಬಯಲಿನ ಸಂಗೀತ ನೆರೆಯುವುದು ಮಳೆ ಕಳೆದ ಅಕ್ಟೋಬರಿನಿಂದ ಬಿಸಿಲು ಕೆರಳುವ ಮಾರ್ಚಿನವರೆಗೆ, ಯೂರೋಪಿನವರು ಕಾದು ಕುಳಿತ ಜೂನ್ ಜುಲೈಗಳಲ್ಲಿ ನಾವು ಕೊಡೆ ಹಿಡಿದಿರುತ್ತೇವೆ.

ನೆಲದ ಪ್ರಶ್ನೆಯಂತೂ ಇಲ್ಲಿಯೂ ತಪ್ಪಿದುದಲ್ಲ, ಇನ್ನಷ್ಟು ಜಟಿಲವಾಗಿಯೇ ಇದೆ. ಸುಮಾರು 472 ಎಕರೆಯ ಅರಮನೆಯ ಆವರಣವನ್ನು ರಾಜ್ಯದ ವಶಕ್ಕೆ ತೆಗೆದುಕೊಳ್ಳಲು 1996ರಲ್ಲಿ ಶಾಸನವಾಗಿ, ಅದನ್ನು ರಾಜಮನೆತನದವರು ನ್ಯಾಯಾಲಯದಲ್ಲಿ ಪ್ರಶ್ನಿಸಿ, ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯವನ್ನು ಮುಟ್ಟಿ ದಶಕಗಳೇ ಕಳೆದುವು. ಐರನ್ ಮೇಡನ್ ನುಡಿಸಿದ್ದೂ ಮೆಟಾಲಿಕಾ ನುಡಿಸಿದ್ದೂ ಒಡೆತನ ಇತ್ಯರ್ಥವಾಗದ ನೆಲದ ಮೇಲೆಯೇ. ಸುತ್ತ ಸದಾಶಿವನಗರ, ವಸಂತನಗರಗಳ ಮನೆಗಳು. ರಾತ್ರಿ ಹತ್ತರ ಮೇಲೆ ಬಯಲಿನಲ್ಲಿ ಧ್ವನಿವರ್ಧಕ ಕೂಡದೆಂದು 2000ದ ಶಬ್ದಮಾಲಿನ್ಯ ನಿಯಮಗಳು. ಊರು ಬೆಳೆದಂತೆ ದೊಡ್ಡ ಸಭೆಗಳು ತುಮಕೂರು ರಸ್ತೆಯ ಮಾದಾವರದ ಕಡೆಗೂ ಸರಿಯತೊಡಗಿವೆ. ಅಲ್ಲಿಗೆ ಹೋಗುವವರು ಸಂಜೆಯ ವಾಹನದಟ್ಟಣೆಯನ್ನು ನೆನೆದು ಮಧ್ಯಾಹ್ನವೇ ಮನೆ ಬಿಡುತ್ತಾರೆ, ಹತ್ತು ಗಂಟೆಗೆ ಸರಿಯಾಗಿ ವಾದ್ಯ ನಿಂತೊಡನೆ ಗೊಣಗುತ್ತಾರೆ, ಮುಂದಿನ ಟಿಕೆಟ್ಟಿನ ಮಾರಾಟ ಆರಂಭವಾದ ದಿನ ಎಲ್ಲರಿಗಿಂತ ಮೊದಲು ಕೊಳ್ಳುತ್ತಾರೆ.